ಹದಿನಾಲ್ಕನೇ ನಂಬರಿನ ವೈರು

ಆಸ್ಪತ್ರೆಯ ಫೋನುಗಳು ಕೈಕೊಟ್ಟು ಅಂದಿಗೆ ಮೂರನೇ ದಿನ. ರಿಸೀವರ್ ಎತ್ತಿದರೆ ಮಾತು ಚೂರುಚೂರಾಗಿ ಬರುತ್ತಿತ್ತು, ಆಮೇಲೆ ಅದೂ ಇಲ್ಲ. ರಕ್ತ ಬೇಕೆಂದು ಹೇಳಲು ಹೆರಿಗೆ ವಾರ್ಡಿನ ನರ್ಸು ಮೂರು ಮಹಡಿ ಓಡಿ ಇಳಿಯಬೇಕಿತ್ತು. ಮ್ಯಾನೇಜರು ಬೆಳಿಗ್ಗೆಯೇ ತೀರ್ಪು ಕೊಟ್ಟುಬಿಟ್ಟಿದ್ದ: "ವೈರು ಹಳೇದಾಗಿದೆ. ಒಂದು ಗಂಟೆಗೆ ಹೊಸಬರು ಬರ್ತಾರೆ, ಎಲ್ಲಾ ಕಿತ್ತು ಹಾಕ್ತಾರೆ."

ಆ ವೈರನ್ನೆಲ್ಲ ಎಳೆದದ್ದು ಆಸ್ಪತ್ರೆಯ ವೈರ್‌ಮನ್ ಮುದುಕ. ಓದು ಎರಡನೇ ಕ್ಲಾಸಿಗೇ ನಿಂತಿದ್ದರೂ, ಯಾವ ಗೋಡೆಯೊಳಗೆ ಯಾವ ವೈರು ಎಲ್ಲಿ ತಿರುಗುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕಿತ್ತು ಹಾಕುತ್ತಾರೆಂಬ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಅವನ ಸೊಸೆಗೆ ಅದೇ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ. ಫೋನು, ಕಂಪ್ಯೂಟರುಗಳ ಎಲ್ಲ ವೈರೂ ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆಯ ಮುಂದೆ, ಕಿರುಕೋಣೆಯ ನೆಲದ ಮೇಲೆ, ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು ಕೂತಿದ್ದಳು.

"ವೈರಲ್ಲಿ ತಪ್ಪಿಲ್ಲಮ್ಮ."

"ಏಳು ಸಲ ಹೇಳಿದ್ರಿ ಮಾವ."

"ಆರು ಸಲ."

ಅವಳು ನಗಲಿಲ್ಲ. "ಮಾತಿಗೆ ಬೇರೆ ದಾರಿ, ಕಂಪ್ಯೂಟರಿನ ಗದ್ದಲಕ್ಕೆ ಬೇರೆ ದಾರಿ ಮಾಡಿದೀನಿ. ಮೊದಲು ಮಾತು ಹೋಗುತ್ತೆ, ಉಳಿದದ್ದು ಆಮೇಲೆ. ಎತ್ತಿ ನೋಡಿ."

ಮುದುಕ ಫೋನೆತ್ತಿದ. ಬರೀ ಗೊರಗೊರ. ಪೆಟ್ಟಿಗೆಯ ದೀಪಗಳೆಲ್ಲ ಮೈಮೇಲೆ ಬಂದವರಂತೆ ಒಟ್ಟಿಗೇ ಮಿಟುಕುತ್ತಿದ್ದವು. ಸೊಸೆ ಹಣೆ ಚಚ್ಚಿಕೊಂಡಳು.

"ಒಂದೇ ಸುದ್ದಿ ಗಾಣದೆತ್ತಿನ ಹಾಗೆ ಸುತ್ತುತ್ತಾ ಇದೆ ಮಾವ. ಯಾವುದಕ್ಕೂ ಜಾಗ ಬಿಡ್ತಿಲ್ಲ. ಯಾರೋ ಒಂದು ಫೋನಿನ ಎರಡು ವೈರನ್ನೂ ಗೋಡೆಗೇ ಚುಚ್ಚಿದಾರೆ."

"ಅಂಥ ದಡ್ಡ ಯಾರಿದಾನೆ ಇಲ್ಲಿ?"

"ಹೋದದ್ದು ತಿರುಗಿ ಬಂದರೆ ಆ ಬಾಗಿಲು ತಾನೇ ಮುಚ್ಚೋ ಹಾಗೆ ಒಂದು ಕಾವಲಿರುತ್ತೆ. ಫೋನು ಬೇಗ ಶುರುವಾಗಲಿ ಅಂತ, ಈ ಪೆಟ್ಟಿಗೆ ಹಾಕಿದ ಮಹಾನುಭಾವರು ಆ ಕಾವಲನ್ನೇ ತೆಗೆದಿದಾರೆ!"

ಕಾವಲು ಹಾಕಲು ಹೊರಟರೆ ಪೆಟ್ಟಿಗೆ ಕೇಳಲೊಲ್ಲದು. ಅರ್ಧ ಬರೆಯುವಷ್ಟರಲ್ಲಿ ಪರದೆ ಸತ್ತುಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮೂರನೇ ಸಲ ಅವಳು ಲ್ಯಾಪ್‌ಟಾಪನ್ನು ಎತ್ತಿ ಕುಕ್ಕುವಂತೆ ಕಂಡಳು. ಮುದುಕ ನೀರಿನ ಬಾಟಲಿ ಮುಂದೆ ಹಿಡಿದ. ಗಂಟೆ ಹನ್ನೆರಡೂವರೆ. ನಾಲ್ಕನೇ ಸಲಕ್ಕೆ ಹಿಡಿಯಿತು. ದೀಪಗಳ ಕುಣಿತ ತಟ್ಟನೆ ನಿಂತು, ಒಂದೇ ಒಂದು ಕೆಂಪಾಯಿತು.

"ಹದಿನಾಲ್ಕು. ಎಲ್ಲಿದೆ ಮಾವ?"

"ಹಳೇ ಕಡತದ ಕೋಣೆ. ಬಾಗಿಲ ಎಡಕ್ಕೆ, ಮೊಣಕಾಲೆತ್ತರ."

ಆ ಕೋಣೆಯ ಮೇಜಿನ ಮೇಲೆ ಹೊಸ ಫೋನಿತ್ತು. ಅದರ ಬೆನ್ನಿಗೆ ಎರಡು ವೈರು. ಒಂದು ಗೋಡೆಗೆ ಹೋಗಬೇಕು, ಇನ್ನೊಂದು ಕಂಪ್ಯೂಟರಿಗೆ. ಕಂಪ್ಯೂಟರು ಇನ್ನೂ ಬಂದಿರಲಿಲ್ಲ. ಎರಡನೆಯದೂ ಗೋಡೆಗೇ ಹೋಗಿತ್ತು, ಉಳಿದ ಉದ್ದ ಚೊಕ್ಕವಾಗಿ ಸುರುಳಿಯಾಗಿತ್ತು, ಅದಕ್ಕೆ ಬಿಳಿ ದಾರದ ಎರಡು ಗಂಟು.

ಆ ಗಂಟು ಯಾರದ್ದೆಂದು ಇಡೀ ಕಟ್ಟಡಕ್ಕೆ ಗೊತ್ತು.

ಮುದುಕನಿಗೆ ಸೋಮವಾರ ನೆನಪಾಯಿತು. ವೈರಿನ ತುದಿ ನೇತಾಡುತ್ತಿತ್ತು. ನೇತಾಡುವ ತುದಿ ಅವನ ಕಣ್ಣಿಗೆ ಆಗದು. ಯಾರ ಕಾಲಿಗಾದರೂ ಸಿಕ್ಕೀತೆಂದು ಪಕ್ಕದ ಖಾಲಿ ತೂತಿಗೆ ಸಿಕ್ಕಿಸಿದ್ದ. ಫೋನು ಕೆಟ್ಟದ್ದೂ ಸೋಮವಾರವೇ.

ಸೊಸೆ ವೈರು ಕಿತ್ತಳು. "ಯಾರೋ ತಿಳೀದೆ ಚುಚ್ಚಿದ್ರು ಅಂತ ಮ್ಯಾನೇಜರಿಗೆ ಹೇಳ್ತೀನಿ."

"ಯಾರೋ ಅಂದ್ರೆ ಅವನು ನಂಬಲ್ಲಮ್ಮ. ತಿರುಗಿ ವೈರಿನ ಮೇಲೇ ಹಾಕ್ತಾನೆ."

ಮುದುಕ ತಾನೇ ಹೋಗಿ ಮ್ಯಾನೇಜರ ಮೇಜಿನ ಮುಂದೆ ನಿಂತ, ಸೊಸೆ ಹಿಂದೆಯೇ ಬಂದಳು. "ವೈರು ಸರಿಯಾಗೇ ಇದೆ ಸ್ವಾಮಿ. ಕೆಟ್ಟದ್ದು ನನ್ನ ಕೈ." ಹೇಗೆಂದು ಬಿಡಿಸಿ ಹೇಳಿದ.

"ಮೂರು ದಿನ! ನಿಮ್ಮ ಅಚ್ಚುಕಟ್ಟಿಗೆ ಬೆಂಕಿ ಬೀಳ!" ಮ್ಯಾನೇಜರು ಮುಖ ಗಂಟಿಕ್ಕಿಕೊಂಡೇ ಫೋನೆತ್ತಿದ. ಹೊಸಬರಿಗೆ ಬರುವುದು ಬೇಡ ಎಂದ. ಆ ಕಡೆಯವನ ಗೊಣಗಾಟ ಮುದುಕನ ತನಕ ಸ್ಪಷ್ಟವಾಗಿ ಕೇಳಿಸಿತು. ಮ್ಯಾನೇಜರು ಫೋನಿಟ್ಟು ಸೊಸೆಯತ್ತ ಕೈ ತೋರಿದ. "ಇನ್ಮೇಲೆ ಇವಳನ್ನ ಕೇಳದೆ ಒಂದು ವೈರೂ ಮುಟ್ಟಕೂಡದು ನೀವು."

ಮರಳುವಾಗ ಕಡತದ ಕೋಣೆಯ ಬಾಗಿಲು ತೆರೆದಿತ್ತು. ಮೇಜಿನಂಚಿನಿಂದ ವೈರಿನ ತುದಿ ನೇತಾಡುತ್ತಿತ್ತು. ಮುದುಕ ನಿಂತ.

"ಮಾವಾ..."

"ಮುಟ್ಟಿಲ್ಲಮ್ಮ," ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.