ಕಡತದಲ್ಲಿದ್ದ ಮಗಳ ಮಾತು

ಹೊಸ ಕಾನೂನು ಬಂದ ಮೇಲೆ, ಕಿವಿ ಕೇಳಿಸದ ಮಕ್ಕಳ ಸಭೆಗೆ ಶಾಲೆಯವರೇ ಕೈಸನ್ನೆ ಬಲ್ಲ ದುಭಾಷಿಯನ್ನು ಕರೆಸಬೇಕಂತೆ. ಸುದ್ದಿ ಕೇಳಿ, ಬಟ್ಟೆ ಹೊಲಿದು ಅಂಥ ಒಬ್ಬ ಮಗಳನ್ನು ಸಾಕುತ್ತಿದ್ದ ಅಮ್ಮ ಖುಷಿಪಡಬೇಕಿತ್ತು. ಆದರೆ ಅವಳಿಗೆ ಹೆದರಿಕೆಯಾಯಿತು. ಒಂಬತ್ತು ವರ್ಷದಿಂದ ಮಗಳಿಗೂ ಮೇಷ್ಟ್ರುಗಳಿಗೂ ನಡುವೆ ನಿಂತು, ಕೈಸನ್ನೆಯಲ್ಲಿ ಮಾತು ದಾಟಿಸಿದವಳು ಅವಳೇ.

ದಾಟಿಸುವಾಗ ಒಂದಿಷ್ಟು ಕತ್ತರಿ ಆಡಿಸುತ್ತಿದ್ದಳು, ಆ ಮಾತು ಬೇರೆ. "ಇವಳ ತಲೆಗೆ ಏನೂ ಹತ್ತಲ್ಲ" ಎಂದು ಹೆಡ್‌ಮಾಸ್ಟರು ಅಂದರೆ, ಇನ್ನೂ ಚೆನ್ನಾಗಿ ಓದಬೇಕಂತೆ ಎಂದು ಮಗಳಿಗೆ ಹೇಳುವಳು. ಇವರಿಗೆ ಪಾಠ ಮಾಡೋಕೇ ಬರಲ್ಲ ಎಂದು ಮಗಳು ಸನ್ನೆ ಮಾಡಿದರೆ, "ನಿಮ್ಮ ಪಾಠ ಅಂದ್ರೆ ಪ್ರಾಣವಂತೆ ಸಾರ್" ಎನ್ನುವಳು. ಇಬ್ಬರ ಮುಖವೂ ಅರಳುತ್ತಿತ್ತು. ಹೆತ್ತವಳು ಇಷ್ಟಾದರೂ ಮಾಡದಿದ್ದರೆ ಹೇಗೆ?

ಈ ಸಲದ ಸಭೆಯಲ್ಲಿ ತೀರ್ಮಾನವಾಗಬೇಕಾದದ್ದು ಒಂದೇ: ಹದಿನಾರರ ಮಗಳು ವಿಜ್ಞಾನದ ತರಗತಿಗೋ, ಹೊಲಿಗೆಯ ತರಗತಿಗೋ. ಮಗಳದು ಎರಡು ವರ್ಷದಿಂದ ವಿಜ್ಞಾನದ್ದೇ ಜಪ.

ದುಭಾಷಿ ಕನ್ನಡಕದ ಬಿಗುಮುಖದ ಹೆಂಗಸು. ಕೂರುವ ಮೊದಲೇ ಹೇಳಿಬಿಟ್ಟಳು: "ಯಾರು ಏನಂದ್ರೂ ದಾಟಿಸ್ತೀನಿ. ಬಿಡೋದೂ ಇಲ್ಲ, ಸೇರಿಸೋದೂ ಇಲ್ಲ."

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಲ್ಯಾಬಲ್ಲಿ ಆಸಿಡ್ಡು, ಬೆಂಕಿ. ಈ ಕಿವುಡೀನ ಯಾರು ಕಾಯ್ತಾ ಕೂರ್ತಾರೆ?"

ದುಭಾಷಿಯ ಕೈಗಳು ಆ ಒಂದು ಶಬ್ದವನ್ನೂ ಬಿಡಲಿಲ್ಲ. ಮಗಳ ಮುಖ ಕೆಂಪಾಯಿತು. ಅವಳ ಕೈಗಳು ಸರಸರನೆ ಆಡಿದವು, ದುಭಾಷಿ ದನಿ ಕೊಟ್ಟಳು: "ಬೆಂಕಿ ಹತ್ತಿದ್ರೆ ಕಣ್ಣಿಗೆ ಕಾಣುತ್ತೆ ಸಾರ್. ನೀವೇನು ಕಿವಿಯಿಂದ ನೋಡ್ತೀರಾ? ನಾನು ವಿಜ್ಞಾನವೇ ಓದೋದು."

ಅಮ್ಮ ದಾಟಿಸುವಾಗಲೆಲ್ಲ 'ಅವಳಿಗೆ ಬೇಕಂತೆ' ಎನ್ನುತ್ತಿದ್ದಳು. ಮಗಳ ಮಾತು 'ನಾನು' ಎಂದು ಬಂದದ್ದನ್ನು ಇವತ್ತೇ ಮೊದಲು ಕೇಳಿದ್ದು.

ಹೆಡ್‌ಮಾಸ್ಟರು ಕಡತ ಬಿಡಿಸಿದರು. "ವಿದ್ಯಾರ್ಥಿಯ ಇಷ್ಟವೇ ಮುಖ್ಯ ಅಂತ ಕಾನೂನು ಹೇಳುತ್ತೆ, ಒಪ್ತೀನಿ. ಹೋದ ವರ್ಷ ಇದೇ ಕುರ್ಚೀಲಿ ಕೂತು 'ಹೊಲಿಗೆ ಸಾಕು, ಅಮ್ಮನ ಜೊತೆ ಇರ್ತೀನಿ' ಅಂದಿದ್ದಾಳೆ. ಬರ್ಕೊಂಡಿದ್ದೀನಿ. ವರ್ಷಕ್ಕೊಂದು ಮಾತಾಡಿದ್ರೆ ಸೀಟು ಹೇಗೆ ಕೊಡ್ಲಿ?"

ಅದು ಕೈಗಳಿಗೆ ದಾಟಿದ್ದೇ ತಡ, ಮಗಳು ಹುಬ್ಬು ಗಂಟಿಕ್ಕಿ ಅಮ್ಮನತ್ತ ತಿರುಗಿದಳು.

ಸುಮ್ಮನಿದ್ದರಾಯಿತು, ಮಗಳು ಆಸಿಡ್ಡು, ಬೆಂಕಿಗಳ ತಂಟೆಯಿಲ್ಲದೆ ಜೀವನಪೂರ್ತಿ ಪಕ್ಕದ ಮೆಷಿನ್ನಿನಲ್ಲೇ ಕೂರುತ್ತಾಳೆ. ಅಮ್ಮನಿಗೆ ಬೇಕಾಗಿದ್ದದ್ದೂ ಅದೇ. ಆದರೆ ಆ 'ನಾನು' ಇನ್ನೂ ಕಿವಿಯಲ್ಲೇ ಇತ್ತು.

"ಸಾರ್, ಅದು ಅವಳು ಅಂದಿದ್ದಲ್ಲ. ಆಗಲೂ ವಿಜ್ಞಾನ ಅಂತಲೇ ಅಂದ್ಲು. ನಂಗೆ ಭಯ ಆಯ್ತು. ಹೊಲಿಗೆ ಅಂದಿದ್ದು ನಾನು."

ಇದೊಂದನ್ನು ಬಿಟ್ಟುಬಿಡು ತಾಯೀ ಎಂಬಂತೆ ದುಭಾಷಿಯನ್ನು ನೋಡಿದಳು. ದುಭಾಷಿ ಬಿಡಲಿಲ್ಲ.

ಹೆಡ್‌ಮಾಸ್ಟರು ಹಳೆಯ ಸಾಲು ಹೊಡೆದುಹಾಕಿ, ಕೆಳಗೆ 'ವಿಜ್ಞಾನ' ಎಂದು ಬರೆದು, ಸಹಿಗಾಗಿ ಕಡತ ತಳ್ಳಿದರು. ಮಗಳು ಕಡತದ ಕಡೆ ನೋಡಲೇ ಇಲ್ಲ. ಅವಳ ಕೈಗಳು ನಿಧಾನವಾಗಿ ಆಡಿದವು.

"ಅಮ್ಮಾ, ಇನ್ನೂ ಏನೇನು ಬದಲಾಯಿಸಿದ್ದೀಯ?" ಎಂದಳು ದುಭಾಷಿ.

ಅಮ್ಮ ಸಹಿ ಹಾಕಿ, ಪೆನ್ನು ಕೆಳಗಿಟ್ಟು, ಕೈಗಳನ್ನು ತಾನೇ ಎತ್ತಿದಳು. ಮೊದಲ ವರ್ಷದಿಂದ ಶುರುಮಾಡಿದಳು. ದುಭಾಷಿ ಕರ್ತವ್ಯ ಮರೆಯದೆ ಗಟ್ಟಿಯಾಗಿ ಹೇಳುತ್ತ ಹೋದಳು: "ಹೆಡ್‌ಮಾಸ್ಟರ ಪಾಠ ಅಂದ್ರೆ ಪ್ರಾಣ ಅಂತ ನೀನು ಅಂದಿರಲಿಲ್ಲ. ಅವರಿಗೆ ಪಾಠ ಮಾಡೋಕೇ ಬರಲ್ಲ ಅಂದಿದ್ದೆ."

ಹೆಡ್‌ಮಾಸ್ಟರು ಕಿಟಕಿಯತ್ತ ಮುಖ ತಿರುಗಿಸಿದರು. ಮಗಳು ನಗಲಿಲ್ಲ. ಕುರ್ಚಿಯನ್ನು ಅಮ್ಮನೆದುರಿಗೆ ಎಳೆದುಕೊಂಡು ಕೂತಳು.

"ಆಮೇಲೆ?" ಎಂದು ಕೈಸನ್ನೆಯಲ್ಲೇ ಕೇಳಿದಳು.