ಲಕ್ಕಿ ಡ್ರಾದಲ್ಲಿ ಬಂದ ಕುರ್ಚಿ

ನಾನು ಒಂದು ಮಸಾಜ್ ಕುರ್ಚಿ. ಬರೀ ಕುರ್ಚಿ ಎಂದು ಕರೆಯುವವರ ಜೊತೆ ನನಗೆ ಮಾತಿಲ್ಲ.

ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ನನ್ನ ಮೋಟರು ಹಡಗಿನಲ್ಲಿ ಎಲ್ಲಿಂದಲೋ ಬಂದದ್ದು. ಚರ್ಮದಂತೆ ಕಾಣುವ ಕಂದು ಹೊದಿಕೆಯನ್ನು ಇಬ್ಬರು ಹೆಂಗಸರು ಹರಟೆ ಹೊಡೆಯುತ್ತಲೇ ಹೊಲಿದರು. ಬೆನ್ನೊಳಗೆ ಉರುಳೆಗಳನ್ನು ಕೂರಿಸಿದರು, ಕಾಲಿನ ಬಳಿ ಗಾಳಿಚೀಲ ಇಟ್ಟರು. ಕೊನೆಗೆ ತೋಳಿಗೆ ಒಂದು ಚೀಟಿ ಕಟ್ಟಿದರು. ಅರವತ್ತೆರಡು ಸಾವಿರ ರೂಪಾಯಿ. ಪಕ್ಕದಲ್ಲಿದ್ದ ಸೋಫಾಗಳೆಲ್ಲ ನನ್ನ ಚೀಟಿ ನೋಡಿ ಸುಮ್ಮನಾದವು. ಅಂದಿನಿಂದ ನನಗೆ ಸ್ವಲ್ಪ ಜಂಬ. ಇದ್ದರೆ ತಪ್ಪೇನು?

ತುಮಕೂರಿನ ಅಂಗಡಿಯೊಂದರ ಗಾಜಿನ ಹಿಂದೆ ನನ್ನನ್ನು ನಿಲ್ಲಿಸಿದರು. ದಾರಿಯಲ್ಲಿ ಹೋಗುವವರೆಲ್ಲ ಒಳಗೆ ಬಂದು ಪುಕ್ಕಟೆ ಕೂತು ಎದ್ದರು. ಅಲ್ಲಿ ನಾನು ಕಲಿತ ವಿದ್ಯೆ ಒಂದೇ. ಸುಳ್ಳು ಹೇಳುವಾಗ ಮನುಷ್ಯರ ಕತ್ತಿನ ಕೆಳಗೆ ಒಂದು ಮೂಳೆ ಸೆಟೆದುಕೊಳ್ಳುತ್ತದೆ. ‘ನಾಳೆ ಬಂದು ತಗೊಂಡು ಹೋಗ್ತೀನಿ’ ಎಂದವರೆಲ್ಲರಿಗೂ ಅದು ಸೆಟೆಯುತ್ತಿತ್ತು.

ರೇಣುಕಾಪ್ರಸಾದ ಹಾಗೆ ಹೇಳಲಿಲ್ಲ. ಕಾಲೇಜು ಲೈಬ್ರರಿಯಲ್ಲಿ ಕೆಲಸ, ಕೆಳಗಿನ ಕಪಾಟುಗಳಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಒಂದೇ ವಾರದಲ್ಲಿ ಮೂರು ಸಲ ಬಂದು ಕೂತ. ಕೊನೆಯ ಸಲ ತಿಂಗಳ ಕಂತಿಗೆ ಸಹಿ ಹಾಕಿ, ಅಂಗಡಿಯವನಿಗೆ ಮೆಲ್ಲಗೆ ಹೇಳಿದ: “ಆ ಬೆಲೆ ಚೀಟಿ ಕಿತ್ತುಬಿಡಿ ಸಾರ್.”

ನನ್ನ ಜನ್ಮದ ದುಃಖ ಶುರುವಾದದ್ದು ಅಲ್ಲಿಂದ.

ಬಟವಾಡಿ ಬಡಾವಣೆಯ ಬಾಡಿಗೆ ಮನೆಗೆ ನನ್ನನ್ನು ಇಳಿಸಿದಾಗ ಅವನ ಹೆಂಡತಿ ಕೋಮಲಾ ಬಾಗಿಲಲ್ಲೇ ನಿಂತಿದ್ದಳು. ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಕಣ್ಣು ಬಲು ಚುರುಕು.

“ಎಷ್ಟಾಯ್ತು ರೀ ಇದು?”

ಅವನು ಥಟ್ಟನೆ ನನ್ನ ಮೇಲೆ ಕೂತ. “ಒಂದು ಪೈಸೆ ಇಲ್ಲ ಕಣೇ. ಪೆಟ್ರೋಲ್ ಬಂಕಲ್ಲಿ ಲಕ್ಕಿ ಡ್ರಾ ಇಟ್ಟಿದ್ರು. ನನ್ನ ಹೆಸ್ರೇ ಬಂತು.”

ಮೂಳೆ ಕಬ್ಬಿಣದ ಸರಳಿನಂತಾಯಿತು. ಅರವತ್ತೆರಡು ಸಾವಿರದ ನಾನು ಎರಡು ಲೀಟರ್ ಪೆಟ್ರೋಲಿನ ಜೊತೆ ಬಂದವನಾಗಿಬಿಟ್ಟೆ.

ಆ ಮನೆಯಲ್ಲಿ ದುಡ್ಡಿನ ಮಾತು ಕಮ್ಮಿ. ಬಾಡಿಗೆ, ಹಾಲು ಅವಳದು. ರೇಷನ್, ಗ್ಯಾಸು, ಕರೆಂಟು ಅವನದು. ಉಳಿದದ್ದು ಅವರವರ ಜೇಬಿಗೆ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಹಾಗಾಗಿ ಜಗಳವೂ ಇರಲಿಲ್ಲ. ಇವಳಾದರೂ ನೇರ ಹೆಂಗಸು ಎಂದುಕೊಂಡಿದ್ದೆ. ಒಂದು ಸಂಜೆ ಕೋಮಲಾ ನನ್ನ ಮೇಲೆ ಕೂತು ಫೋನಿನಲ್ಲಿ ಪಿಸುಗುಟ್ಟಿದಳು: “ಉಮೇಶ, ಆಟೊ ಕಂತು ಕಟ್ಟಿದ್ಯೇನೋ? ಜಾಮೀನು ಹಾಕಿರೋಳು ನಾನು. ನಿಮ್ಮ ಭಾವಂಗೆ ಗೊತ್ತಾದ್ರೆ ಅಷ್ಟೇ.”

ಭಾವ ಅಷ್ಟರಲ್ಲಿ ಒಳಗೆ ಬಂದ. “ಯಾರೇ ಅದು?”

“ಸೀರೆ ಅಂಗಡಿಯವ್ರು.”

ಅದೇ ಜಾಗ, ಅದೇ ಮೂಳೆ. ತಮ್ಮನ ಗೂಡ್ಸ್ ಆಟೊ ಸಾಲಕ್ಕೆ ಅವಳು ಗುಟ್ಟಾಗಿ ಸಹಿ ಹಾಕಿದ್ದಳು. ಜಾಮೀನು ಎಂದರೆ ರೇಣುಕಾಪ್ರಸಾದನಿಗೆ ಮೈ ಉರಿಯುತ್ತಿತ್ತು. ಹೀಗೆ ಇಬ್ಬರ ಗುಟ್ಟೂ ನನ್ನ ಬೆನ್ನಿಗೆ ಬಿತ್ತು.

ಇನ್ನು ಮನೆಯ ವಿಷಯ. ಮಾಲೀಕ ಕೆಳಗಡೆಯೇ ಇದ್ದ, ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. ಕ್ಯಾಲೆಂಡರು ಕಿಟಕಿ ಸರಳಿಗೆ ನೇತಾಡುತ್ತಿತ್ತು, ಮದುವೆ ಫೋಟೊ ಮಂಚದ ಕೆಳಗೆ ಮಲಗಿತ್ತು. ಕೋಮಲಾಗೆ ಇದೊಂದೇ ಕೊರಗು. “ನಮ್ದೇ ಗೋಡೆಗೆ ಒಂದು ಮೊಳೆ ಹೊಡೀಬೇಕು ರೀ. ಅಷ್ಟಾದ್ರೆ ಸಾಕು.”

ಕ್ಯಾತ್ಸಂದ್ರದ ಹತ್ತಿರ ಮೂರನೇ ಮಹಡಿಯಲ್ಲಿ ಒಂದು ಫ್ಲ್ಯಾಟ್ ನೋಡಿ, ಇದ್ದಬದ್ದದ್ದನ್ನೆಲ್ಲ ಕೂಡಿಸಿ ಮುಂಗಡ ಕೊಟ್ಟರು. ತಿಂಗಳೊಳಗೆ ಬ್ಯಾಂಕಿನ ಸಾಲ ಆಗದಿದ್ದರೆ ಮುಂಗಡವೂ ಇಲ್ಲ, ಫ್ಲ್ಯಾಟೂ ಇಲ್ಲ ಎಂಬ ಮಾತಾಯಿತು. ಒಬ್ಬರ ಸಂಬಳಕ್ಕೆ ಅಷ್ಟು ಸಾಲ ಹುಟ್ಟುವುದಿಲ್ಲವೆಂದು ಇಬ್ಬರೂ ಸೇರಿ ಅರ್ಜಿ ಹಾಕಿದರು. ಅರ್ಜಿ ತುಂಬಿದ್ದು ನನ್ನ ತೋಳಿನ ಮೇಲೆ. ‘ಈಗಾಗಲೇ ಇರುವ ಸಾಲ, ಜಾಮೀನು’ ಎಂಬಲ್ಲಿ ಅವನು ಕೂತು ‘ಇಲ್ಲ’ ಎಂದು ಬರೆದ. ಅವನೆದ್ದ ಮೇಲೆ ಅವಳು ಕೂತು ‘ಇಲ್ಲ’ ಎಂದು ಬರೆದಳು. ಎರಡು ಸಲ ಸೆಟೆದ ಬೆನ್ನು ನೀವಿ ನನ್ನ ಉರುಳೆಗಳು ಸುಸ್ತಾದವು.

ಮುಂದಿನ ವಾರ ನಾವಿದ್ದ ಮನೆ ನೋಡಲು ಬ್ಯಾಂಕಿನಿಂದ ಪರಮಶಿವಯ್ಯ ಬಂದರು. ನಿವೃತ್ತಿ ಹತ್ತಿರವಾದ ಸಾಧು ಮನುಷ್ಯ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದವರನ್ನು ಕೋಮಲಾ ಉಪಚರಿಸಿದಳು: “ಇಲ್ಲಿ ಕೂತ್ಕೊಳ್ಳಿ ಸಾರ್, ಬೆನ್ನಿಗೆ ಹಾಯಾಗಿರುತ್ತೆ. ಇವ್ರಿಗೆ ಲಕ್ಕಿ ಡ್ರಾದಲ್ಲಿ ಬಂದಿದ್ದು.”

ಗುಂಡಿ ಒತ್ತಿದಳು. ಪರಮಶಿವಯ್ಯ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ಕೈಲಿದ್ದ ಕಾಗದ ನೋಡಿದರು; ಇಬ್ಬರ ಹೆಸರಲ್ಲಿದ್ದ ಸಾಲಗಳನ್ನೆಲ್ಲ ಬ್ಯಾಂಕು ಹುಡುಕಿ ತೆಗೆದ ಪಟ್ಟಿ ಅದು. ಮೈ ಜೊತೆಗೆ ಕಾಗದವೂ ಅಲುಗಾಡುತ್ತಿತ್ತು.

“ಲಕ್ಕಿ ಡ್ರಾದಲ್ಲಿ ಬಂದಿದ್ದಕ್ಕೆ ತಿಂಗಳಾ ತಿಂಗಳಾ ಕಂತು ಯಾಕ್ ಕಟ್ತಿದ್ದೀರಾ ಸಾರ್?”

ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ರೇಣುಕಾಪ್ರಸಾದ ಫ್ಯಾನಿನ ಕಡೆ ನೋಡಿದ.

“ನನ್ ಹತ್ರಾನೇ ಸುಳ್ಳಾ?” ಎಂದು ಕೋಮಲಾ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ತಡೀರಿ ಮೇಡಂ, ನಿಮ್ದೂ ಒಂದಿದೆ. ಗೂಡ್ಸ್ ಆಟೊ. ಜಾಮೀನು.”

ಈಗ ಕೋಮಲಾ ಫ್ಯಾನಿನ ಕಡೆ ನೋಡಿದಳು. ಫ್ಯಾನು ತಿರುಗುತ್ತಲೂ ಇರಲಿಲ್ಲ.

“ಎರಡನ್ನೂ ಬಗೆಹರಿಸ್ಕೊಂಡು, ಅರ್ಜಿ ಸರಿಯಾಗಿ ಬರೆದು ಕೊಡಿ. ಇಲ್ಲಾಂದ್ರೆ ಕೇಳಿದಷ್ಟು ಸಾಲ ಆಗಲ್ಲ,” ಎಂದರು ಪರಮಶಿವಯ್ಯ. ಆಮೇಲೆ ಸಂಕೋಚದಿಂದ, “ಇನ್ನೊಂದು ಸುತ್ತು ಹಾಕ್ತೀರಾಮ್ಮ?”

ಅವರು ಹೋದ ಮೇಲೆ ಕೋಮಲಾ ಒದ್ದೆ ಬಟ್ಟೆಗಳನ್ನು ತಂದು ನನ್ನ ಮೇಲೆ ಒಟ್ಟಿದಳು. ಅವನು ನನ್ನ ಫೋಟೊ ತೆಗೆದು ಮಾರಾಟಕ್ಕಿಟ್ಟ. ಯಾರೋ ಒಬ್ಬ ಫೋನ್ ಮಾಡಿ ಕೇಳಿದ ಬೆಲೆಯನ್ನು ಇಲ್ಲಿ ಹೇಳಲಾರೆ, ನನಗೂ ಮಾನವಿದೆ.

ನಾಲ್ಕಾರು ದಿನ ಕಳೆದ ಮೇಲೆ ಅವಳೇ ಬಟ್ಟೆ ಸರಿಸಿ ಕೂತಳು.

“ಕುರ್ಚಿ ವಿಷ್ಯ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ತರೋಕೆ ಬಿಡ್ತಿದ್ಯಾ?”

“ಬಿಡ್ತಿರ್ಲಿಲ್ಲ.”

“ನೀನ್ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಸಹಿ ಹಾಕೋಕೆ ಬಿಡ್ತಿದ್ರಾ?”

“ಬಿಡ್ತಿರ್ಲಿಲ್ಲ.”

ಇಬ್ಬರಿಗೂ ನಗು ಬಂತು, ಇಬ್ಬರೂ ತಡೆದುಕೊಂಡರು. ಅವಳ ಮೂಳೆ ಮಾತ್ರ ಸಡಿಲವಾಗಿತ್ತು.

ಮರುದಿನ ರೇಣುಕಾಪ್ರಸಾದ ಮಾರ್ಕೆಟ್ಟಿಗೆ ಹೋಗಿ ಉಮೇಶನನ್ನು ಕಂಡ. ತಮ್ಮನಿಗೆ ಬೇಜಾರಾದೀತೆಂದು ಅಕ್ಕ ಇಷ್ಟು ದಿನ ಆಡಲಾರದ ಮಾತನ್ನು ಭಾವ ಒಂದು ಟೀ ಕುಡಿಯುವಷ್ಟರಲ್ಲಿ ಆಡಿ ಮುಗಿಸಿದ. ಕೋಮಲಾಳ ಬದಲು ಉಮೇಶನ ಮಾವ ಜಾಮೀನು ನಿಂತರು. ಅತ್ತ ಕೋಮಲಾ ತನ್ನ ಸರಕ್ಕೆಂದು ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ ನನ್ನ ಉಳಿದ ಕಂತುಗಳನ್ನೆಲ್ಲ ಒಂದೇ ಸಲ ತೀರಿಸಿದಳು. ಅವಳ ಗಂಟನ್ನು ಅವನು ಬಿಡಿಸಿದ, ಅವನದನ್ನು ಅವಳು ಬಿಡಿಸಿದಳು. ನನಗೆ ಅಳು ಬರುವ ಹಾಗಿದ್ದಿದ್ದರೆ ಅಂದು ಅತ್ತುಬಿಡುತ್ತಿದ್ದೆ.

ಇನ್ನೆರಡು ದಿನ ತಡವಾಗಿದ್ದರೆ ಮುಂಗಡ ಮುಳುಗುತ್ತಿತ್ತು. ಅಷ್ಟರಲ್ಲಿ ಸಾಲ ಮಂಜೂರಾಯಿತು. ಹೊಸ ಮನೆಗೆ ನಾನು ಹೋದದ್ದು ಉಮೇಶನ ಗೂಡ್ಸ್ ಆಟೊದಲ್ಲಿ. ಗಂಡನ ಗುಟ್ಟಾದ ನಾನು, ಹೆಂಡತಿಯ ಗುಟ್ಟಾದ ಆಟೊ, ಇಬ್ಬರೂ ಹಾಡಹಗಲೇ ಒಟ್ಟಿಗೆ ಊರ ತುಂಬ ಮೆರವಣಿಗೆ ಹೊರಟೆವು.

ಗೃಹಪ್ರವೇಶದ ದಿನ ಕೋಮಲಾ ತಾನೇ ಸುತ್ತಿಗೆ ಹಿಡಿದು ಮೊಳೆ ಹೊಡೆದಳು. ಫೋಟೊ ವಾಲಿತು. ಯಾರೂ ಸರಿಮಾಡಲು ಹೋಗಲಿಲ್ಲ. ದಣಿದು ಅವಳು ನನ್ನ ಮೇಲೆ ಕೂತಾಗ ಅವಳ ತಾಯಿ ಗಂಗಮ್ಮ ನನ್ನ ತೋಳು ಸವರಿ ಕೇಳಿದರು: “ಇದಕ್ಕೆಷ್ಟು ಕೊಟ್ರಿ ಅಳಿಯಂದ್ರೇ?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಲಕ್ಕಿ ಡ್ರಾದಲ್ಲಿ ಬಂತು,” ಎಂದರು ಇಬ್ಬರೂ ಒಟ್ಟಿಗೆ.

ನಾನು ಮೂಳೆಗಾಗಿ ಕಾದೆ. ಅದು ಅಲುಗಲೇ ಇಲ್ಲ.

ಈಗ ನನಗೆ ವಯಸ್ಸಾಯಿತು. ಉರುಳೆಗಳಲ್ಲಿ ಒಂದೇ ಉಳಿದಿದೆ, ಹೊದಿಕೆ ಸುಲಿದಿದೆ. ಬಾಲ್ಕನಿಯಲ್ಲಿ ಕೂತಿದ್ದೇನೆ. ಮನೆ ಸಾಲದ ಕಂತು ಇನ್ನೂ ಇದೆ, ಇಬ್ಬರೂ ಸೇರಿ ಕಟ್ಟುತ್ತಾರೆ, ಗೊಣಗುವುದೂ ಸೇರಿಯೇ. ಬೇರೆಯವರೆದುರು ನಾನು ಮೊನ್ನೆಯವರೆಗೂ ಪುಕ್ಕಟೆ ಮಾಲೇ ಆಗಿದ್ದೆ. ಹೇಳಲು ನಾಚಿಕೆಯಿಲ್ಲ, ಆ ನೋವು ನನಗೆ ಹೋಗಿರಲಿಲ್ಲ.

ಮೊನ್ನೆ ಗುಜರಿಯವನು ಬಂದು ನನ್ನನ್ನು ಕಾಲಿನಿಂದ ತಟ್ಟಿದ. “ಇನ್ನೂರು ರೂಪಾಯಿ ಕೊಡ್ತೀನಿ ಅಕ್ಕಾ.”

“ಕಾಲು ತೆಗಿಯಪ್ಪ,” ಎಂದಳು ಕೋಮಲಾ. ಕೂದಲು ನರೆತಿದೆ, ದನಿ ಹಾಗೇ ಇದೆ. “ಅರವತ್ತೆರಡು ಸಾವಿರ ಕೊಟ್ಟಿದ್ದೀವಿ ಇದಕ್ಕೆ. ಬಡ್ಡಿ ಬೇರೆ.”

ಅಕ್ಕಪಕ್ಕದ ಬಾಲ್ಕನಿಗಳಿಗೆಲ್ಲ ಕೇಳಿಸಿತು. ಒಳಗಿನಿಂದ ರೇಣುಕಾಪ್ರಸಾದ ಕೆಮ್ಮಿದ. ಉಳಿದ ಒಂದು ಉರುಳೆ, ಕರೆಂಟಿಲ್ಲದಿದ್ದರೂ, ತಿರುಗಿದಂತಾಯಿತು.