ಬೂದಿಯ ಪಥ್ಯ

ಮೂವತ್ತು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಕಾಪಿ ಚೀಟಿ ಹಿಡಿದ ಮೇಷ್ಟ್ರಿಗೆ, ನಿವೃತ್ತಿಯಾದ ಮೇಲೆ ಹಿಡಿಯಲು ಸಿಕ್ಕವಳು ಹೆಂಡತಿ ಒಬ್ಬಳೇ. ಪಾಪ, ಅವರಾದರೂ ಏನು ಮಾಡಿಯಾರು? ಕೈ ಕಟ್ಟಿಕೊಂಡು ಕೂತರೆ ಮೈಗೆ ಆಗುತ್ತದೆಯೇ?

ಈ ಸಲದ ಜಗಳಕ್ಕೆ ಮೂಲ ಬೂದಿ. ಬೂದುಬಣ್ಣದ ಬೆಕ್ಕು. ಆ ಮನೆಯಲ್ಲಿ ಆಕೆ ಮಾತಾಡಿದರೆ ತಿರುಗಿ ನೋಡುತ್ತಿದ್ದ ಜೀವ ಅದೊಂದೇ. ಮೂರು ತಿಂಗಳಿಂದ ಕತ್ತು ಕೆರೆದು ಕೆರೆದು ಹಕ್ಕಳೆ ಎಬ್ಬಿಸಿಕೊಂಡಿತ್ತು, ಹೊಟ್ಟೆ ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತ್ತು. ಪಶುವೈದ್ಯೆ ಸಣ್ಣ ಬಾಚಣಿಗೆಯಲ್ಲಿ ಅದರ ಮೈಯೆಲ್ಲ ಬಾಚಿ ನೋಡಿದಳು.

"ಚಿಗಟ ಇಲ್ಲ. ತಿನ್ನೋದರಲ್ಲೇ ಏನೋ ಒಗ್ತಿಲ್ಲ ಅನ್ಸುತ್ತೆ. ಎಂಟು ವಾರ ಈ ಡಬ್ಬಿ ಆಹಾರ, ನೀರು, ಅಷ್ಟೇ. ಮೀನು, ಕೋಳಿ, ಹಾಲು ಯಾವುದೂ ಬೇಡ. ಒಂದು ಸಲ ನೆಕ್ಕಿದ್ರೂ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ."

ಮೇಷ್ಟ್ರಿಗೆ ಆನೆಬಲ ಬಂತು. ಮನೆಗೆ ಬಂದವರೇ ಕೆಂಪು ಶಾಯಿಯಲ್ಲಿ ನಿಯಮ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಯಾರೂ ಕದ್ದು ತಿನ್ನಿಸತಕ್ಕದ್ದಲ್ಲ. ಕೆರೆತಕ್ಕೆ ದಿನವೂ ಹತ್ತಕ್ಕೆ ಇಷ್ಟು ಎಂದು ಹೆಂಡತಿ ಪುಸ್ತಕದಲ್ಲಿ ಅಂಕ ಬರೆಯತಕ್ಕದ್ದು. ಗುಣವಾಗದಿದ್ದರೆ ಬೆಕ್ಕನ್ನು ಮೇಷ್ಟ್ರ ಅಣ್ಣನ ಗೋದಾಮಿಗೆ ಕಳಿಸತಕ್ಕದ್ದು. ಅಲ್ಲಿ ಇಲಿ ಹಿಡಿದು ಬದುಕಲಿ. ಜಿರಳೆ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುವ ಬೂದಿ ಇಲಿ ಹಿಡಿಯುತ್ತದಂತೆ!

ಐದು ವಾರ ಎಂಟು, ಒಂಬತ್ತು, ಎಂಟು. ಇಳಿಯಲೇ ಇಲ್ಲ. ಮೇಷ್ಟ್ರು ದಿನಾ ಹೆಂಡತಿಯ ಅಂಗೈ ಮೂಸತೊಡಗಿದರು.

"ನಿಜ ಹೇಳು. ಏನು ಹಾಕ್ದೆ?"

"ನನ್ನಾಣೆಗೂ ಏನೂ ಹಾಕಿಲ್ಲ ರೀ."

"ಹುಡುಗರೂ ಹೀಗೇ ಆಣೆ ಇಡ್ತಿದ್ರು."

ಆಕೆಗೆ ತನ್ನ ಮೇಲೇ ಅನುಮಾನ ಬಂತು. ತಟ್ಟೆಗಳನ್ನು ಎರಡೆರಡು ಸಲ ತೊಳೆದಳು. ಬಾಗಿಲ ಹತ್ತಿರ, ಬೂದಿಯನ್ನು ಗೋದಾಮಿಗೆ ಒಯ್ಯಲು, ಬೆತ್ತದ ಬುಟ್ಟಿ ಆಗಲೇ ಬಂದು ಕೂತಿತ್ತು. ಅದನ್ನು ಕಂಡಾಗಲೆಲ್ಲ ಬೂದಿಯನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಆರನೇ ವಾರ ಗೋದಾಮಿನ ಅಣ್ಣ ಜಾರಿ ಬಿದ್ದು ಕಾಲು ಮುರಿದುಕೊಂಡ. ಅವನನ್ನು ನೋಡಿಕೊಳ್ಳಲು ಮೇಷ್ಟ್ರು ಮೂರು ವಾರ ಹೋದರು. ಇಲ್ಲಿ ಅಂಕ ಏಳಕ್ಕೆ ಬಂತು, ಐದಕ್ಕೆ ಬಂತು, ಎರಡಕ್ಕೆ ಬಂತು. ಹಕ್ಕಳೆ ಉದುರಿತು, ಬೋಳು ಹೊಟ್ಟೆಯಲ್ಲಿ ನವಿರು ಕೂದಲು ಮೂಡಿತು.

ಮೇಷ್ಟ್ರು ಬಂದು ಬೂದಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನೋಡಿದ್ಯಾ? ಶಿಸ್ತು ಅಂದ್ರೆ ಇದು!" ಎಂದರು. ಪಥ್ಯ ಮಾಡಿದ್ದು ಬೆಕ್ಕು, ಪಾಸಾಗಿದ್ದು ಮೇಷ್ಟ್ರು.

ಮೇಷ್ಟ್ರು ಬಂದ ಐದನೇ ದಿನಕ್ಕೆ ಮತ್ತೆ ಒಂಬತ್ತು. ಕತ್ತಿನಲ್ಲಿ ರಕ್ತ. ಮೇಷ್ಟ್ರು ಬುಟ್ಟಿ ಎತ್ತಿಕೊಂಡರು.

"ಮುಗೀತು. ನೀನು ಸುಧಾರಿಸೋಳಲ್ಲ. ಇವತ್ತೇ ಕಳಿಸ್ತೀನಿ."

ಆಕೆ ಬೂದಿಯನ್ನು ಎದೆಗೆ ಅವಚಿಕೊಂಡು, ಒಂದೇ ಕೈಯಲ್ಲಿ ಪುಸ್ತಕ ತೆರೆದಳು. ಮೇಷ್ಟ್ರಿದ್ದ ಐದು ವಾರ ನೋಡಿದಳು. ಇಲ್ಲದ ಮೂರು ವಾರ ನೋಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣೋದಿಲ್ಲವೇ ಅನ್ನುತ್ತಾರೆ; ಈ ಮನೆಯಲ್ಲಿ ಕಣ್ಣು ಮುಚ್ಚಿಕೊಂಡದ್ದು ಕುಡಿಸಿದವರು.

"ರೀ, ಬೆಳಿಗ್ಗೆ ನಾನು ಏಳೋಕೆ ಮುಂಚೆ ಹಾಲು ಕಾಯಿಸೋದು ನೀವೇ ತಾನೆ? ಕೆನೆ ಎಲ್ಲಿ ಹೋಗುತ್ತೆ?"

ಮೇಷ್ಟ್ರ ಕೈ ತಟಕ್ಕನೆ ಜೇಬು ಸೇರಿತು.

"ಒಂದು ಬೆರಳು ಕೆನೆ... ಅದೂ ಒಂದು ಊಟಾನಾ?"

"ಅಯ್ಯೋ ನಿಮ್ಮ! ಇಷ್ಟು ದಿನ ನನ್ನ ಕೈ ಮೂಸಿದ್ರಲ್ಲ, ನಿಮ್ಮ ಬೆರಳು ಒಂದ್ಸಲ ಮೂಸ್ಕೊಳ್ಳೋಕೆ ಏನಾಗಿತ್ತು?" ಆಕೆಗೆ ಅಳುವೂ ಬಂತು, ಬೆಂಕಿಯಂಥ ಸಿಟ್ಟೂ ಬಂತು.

ಮೇಷ್ಟ್ರು ಬುಟ್ಟಿ ಕೆಳಗಿಟ್ಟರು.

"ಬೆಳಿಗ್ಗೆ ಬಂದು ಕಾಲಿಗೆ ತಲೆ ಉಜ್ಜುತ್ತೆ ಕಣೇ. ಇನ್ಯಾರು ನನ್ನ ಹತ್ರ ಬರ್ತಾರೆ?"

ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಆಕೆ ಇಟ್ಟುಕೊಂಡಳು, ಮುಂದೆ ಬೇಕಾಗುತ್ತದೆ. ಕೆಂಪು ಪೆನ್ನು ಕೊಟ್ಟು, "ಬರೀರಿ," ಎಂದಳು. ಮೇಷ್ಟ್ರು ಆ ದಿನದ ಒಂಬತ್ತರ ಪಕ್ಕ ಬರೆದರು: ಕೆನೆ. ನಾನೇ. ಕೆಳಗೆ: ಮೊದಲನೇ ವಾರ.

"ಇನ್ನು ಹಾಲು ನಾನು ಕಾಯಿಸ್ತೀನಿ. ಡಬ್ಬಿ ಊಟ ನೀವು ಹಾಕಿ. ಅದಕ್ಕೂ ಕಾಲಿಗೆ ತಲೆ ಉಜ್ಜುತ್ತೆ."

ಮೇಷ್ಟ್ರು ಆಸೆಯಿಂದ ಕೈ ಚಾಚಿದರು. ಆಕೆ ಡಬ್ಬಿ ಕೊಡಲಿಲ್ಲ. ಆ ಕೈ ಹಿಡಿದು, ಒಂದೊಂದೇ ಬೆರಳು ಮೂಸಿ ನೋಡಿ, ಆಮೇಲೆ ಕೊಟ್ಟಳು.